ಇಪ್ಪತ್ತು ಬೋರಿನ ಜಾಣತನ

ತನಗೆ ಎಷ್ಟು ಉಪಯೋಗಕ್ಕೆ ಬಂದೀತು ಎಂದು ನೋಡಿ ವಸ್ತು ಕೊಳ್ಳುವವನು ಪುಣ್ಯವಂತ. ನಿಜಾಮರ ಆಳಿಕೆಯ ಕೊನೆಗಾಲದಲ್ಲಿ, ಸುರಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ, ಅದು ಸರ್ಕಾರಿ ಸಾಹೇಬರಿಗೆ ಎಷ್ಟು ಉಪಯೋಗಕ್ಕೆ ಬಾರದು ಎಂದು ನೋಡಬೇಕಾಗಿತ್ತು. ಒಳ್ಳೆಯ ಎತ್ತು ಕಟ್ಟಿದರೆ ಅದು ಅವರ ಗಾಡಿಗೆ, ಕೋಳಿ ಕೊಬ್ಬಿದರೆ ಅವರ ತಾಟಿಗೆ. ಇಂಥ ಕಾಲದಲ್ಲಿ ನಾನು ಬಂದೂಕು ಕೊಳ್ಳಲು ಹೊರಟೆ.

ಕಾರಣ ಕಾಡಹಂದಿಗಳು. ನಮ್ಮ ಸೇಂಗಾ ಹೊಲವನ್ನು ಅವು ಉಳುತ್ತಿದ್ದಷ್ಟು ಚೆನ್ನಾಗಿ ನಾನು ಎಂದೂ ಉತ್ತಿರಲಿಲ್ಲ. ಪರವಾನಗಿಯೇನೋ ಸಿಕ್ಕಿತು. ಹನ್ನೆರಡು ಬೋರೋ ಇಪ್ಪತ್ತು ಬೋರೋ ಎಂಬುದೊಂದೇ ಬಗೆಹರಿಯಲಿಲ್ಲ. ಬೋರೆಂದರೆ ನಳಿಗೆಯ ಅಳತೆ; ಬಂದೂಕಿನಲ್ಲಿ ಆ ಸಂಖ್ಯೆ ದೊಡ್ಡದಾದಷ್ಟೂ ನಳಿಗೆಯ ಬಾಯಿ ಸಣ್ಣದು. ನಮ್ಮ ಸಾಹೇಬರಲ್ಲಿ ಮಾತ್ರ ಹುದ್ದೆ ದೊಡ್ಡದಾದಷ್ಟೂ ಬಾಯಿಯೂ ದೊಡ್ಡದು.

"ಹಂದಿ ಬೀಳಬೇಕಂದ್ರ ಹನ್ನೆರಡ ತರ್ರಿ. ಇಪ್ಪತ್ತರಾಗ ಕೌಜಗದ ಹಕ್ಕಿ ಹೊಡೀಬೇಕಷ್ಟ" ಎಂದರು ನೆರೆಮನೆಯ ಗೌಡರು. ಅವರಲ್ಲಿ ಒಂದು ಹನ್ನೆರಡು ಬೋರಿನ ಬಂದೂಕು ಇತ್ತು. ತಹಶೀಲ್ದಾರ ಸಾಹೇಬರು ಊರೂರು ತಿರುಗುವ ದೌರೆಗೆ ಬಂದಾಗ ತಮ್ಮ ದೋಸ್ತರ ಶಿಕಾರಿಗೆಂದು ಒಂದು ದಿನದ ಮಟ್ಟಿಗೆ ಒಯ್ದಿದ್ದರು. ಅದು ಇನ್ನೂ ದೌರೆಯಲ್ಲೇ ಇತ್ತು.

ನಾನು ಜಾಣ. ಆ ದೋಸ್ತರ ಜೇಬಿನಲ್ಲಿರುವುದೆಲ್ಲ ಹನ್ನೆರಡರ ತೋಟಾ, ಇಪ್ಪತ್ತರ ನಳಿಗೆಗೆ ಅವು ಹೋಗುವುದಿಲ್ಲ. ಹೆಗಲಿಗೆ ಹಗುರ ಎಂದು ಊರಿಗೆಲ್ಲ ಹೇಳಿ ಇಪ್ಪತ್ತನ್ನೇ ತಂದೆ. ಯಾದಗಿರಿ, ಶಹಾಪುರ ಎರಡೂ ಕಡೆ ಅದರ ತೋಟಾ ಸಿಗುವುದಿಲ್ಲವೆಂದು ತಿಳಿದದ್ದು ಆಮೇಲೆ.

"ಹಂದಿ ಹೊಡ್ಯಾಕ ತಂದೀರೋ, ಸಾಹೇಬ್ರಿಂದ ಮುಚ್ಚಿಡಾಕ ತಂದೀರೋ?" ಎಂದಳು ಹೆಂಡತಿ.

ತಹಶೀಲ್ದಾರ ಸಾಹೇಬರು ದೋಸ್ತರ ಜೊತೆ ಮತ್ತೆ ಬಂದರು, ಶಿಕಾರಿಗೆ ನನ್ನ ಬಂದೂಕು ಕೇಳಿದರು. ನಾನು ಉಬ್ಬಿಹೋಗಿ, "ಹುಜೂರ್, ಇದು ಇಪ್ಪತ್ತು ಬೋರ್ ಅದರಿ. ನಿಮ್ಮ ತೋಟಾ ಇದಕ್ಕ ಕೂಡಂಗಿಲ್ರಿ" ಎಂದೆ.

ಸಾಹೇಬರು ನನ್ನ ಬೆನ್ನು ತಟ್ಟಿ ದೋಸ್ತರತ್ತ ತಿರುಗಿದರು. "ಶಾಬಾಸ್! ಇಷ್ಟು ತಿಳದಾನಂದ್ರ ಇಂವ ಪಕ್ಕಾ ಶಿಕಾರಿ. ನಮ್ಮ ಎರಡೂ ಬಂದೂಕ ಇವನ ಹೆಗಲಿಗೆ ಕೊಡ್ರಿ."

ಇಡೀ ದಿನ ಎರಡು ಹನ್ನೆರಡು ಬೋರುಗಳನ್ನು ಹೊತ್ತು ಗುಡ್ಡ ಹತ್ತಿಳಿದೆ. ಅವುಗಳಲ್ಲಿ ಒಂದರ ಹಿಡಿಕೆಗೆ ಗೌಡರು ಬಡಿಸಿದ್ದ ಹಿತ್ತಾಳೆ ಪಟ್ಟಿ ಇತ್ತು. ನಮ್ಮ ಗದ್ದಲಕ್ಕೆ ಬೆದರಿದ ಹಂದಿಗಳೆಲ್ಲ ಇಳಿದದ್ದು ನನ್ನ ಹೊಲಕ್ಕೇ. ಸಂಜೆ ಬಂದು ನೋಡಿದರೆ ಹೆಂಡತಿ ಹಂದಿ ಓಡಿಸಲು ಬಡಿದೂ ಬಡಿದೂ ನೆಗ್ಗಿಹೋದ ತಾಟು ಹಿಡಿದು ಬದುವಿನ ಮೇಲೆ ಕೂತಿದ್ದಳು. ಹೊಲದಲ್ಲಿ ಬರಿ ಮಣ್ಣು.

"ನಿಮ್ಮ ಬಂದೂಕ ಎಲ್ಲೈತ್ರಿ?"

"ಮನ್ಯಾಗ ಐತಿ."

"ಅಷ್ಟರ ಉಳೀತಲ್ಲ" ಎಂದು ಎದ್ದು ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಗೌಡರು ಬಂದು ಕೂತರು. "ಸಾಹೇಬ್ರ ಕಡೆ ನನ್ನ ಬಂದೂಕ ಕಂಡಿತೇನ್ರಿ?" ಎಂದು ಆಸೆಯಿಂದ ಕೇಳಿದರು.

ಕಂಡಿತು ಎಂದರೆ ಎಲ್ಲಿ ಎಂದು ಕೇಳುತ್ತಾರೆ. ನನ್ನ ಹೆಗಲ ಮೇಲೆ ಎನ್ನಬೇಕಾಗುತ್ತದೆ.

"ಇಲ್ರಿ ಗೌಡ್ರ" ಎಂದೆ, ಬಾತ ಹೆಗಲ ಮೇಲೆ ಟವಲು ಎಳೆದುಕೊಳ್ಳುತ್ತ.