ಕಾಯುವ ವೀರರ ಅಭಿಯಾನ

ಸಾರ್ವಜನಿಕ ಸಭಾಂಗಣ ಕಚೇರಿಯ ನಾಲ್ಕನೇ ಕೊಠಡಿಯಲ್ಲಿ ಒಂದು ಮೇಜು ಮತ್ತು ಆರು ಕುರ್ಚಿಗಳಿದ್ದು, ಕಳೆದ ಹದಿಮೂರು ವರ್ಷಗಳಲ್ಲಿ ಸದರಿ ಕುರ್ಚಿಗಳ ಮೇಲೆ ಯಾರೂ ಕುಳಿತಿರುವುದಿಲ್ಲವೆಂಬ ಅಂಶ ದಾಖಲೆಗಳಿಂದ ದೃಢಪಟ್ಟಿರುತ್ತದೆ. ಕೊಠಡಿ ಇಷ್ಟು ಸುಸ್ಥಿತಿಯಲ್ಲಿರುವುದಕ್ಕೆ ಅದೇ ಕಾರಣವೆಂದು ಕಚೇರಿ ಹೆಮ್ಮೆಪಡುತ್ತದೆ.

ಟೇಪಕ್ಕನಿಗೆ ಬೇಕಾಗಿದ್ದದ್ದು ಈ ಕೊಠಡಿ, ಬುಧವಾರ ಮಧ್ಯಾಹ್ನ ಎರಡರಿಂದ ಐದರವರೆಗೆ. ಟೇಪಕ್ಕ ಹೊಲಿಗೆಯವಳು, ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದುದರಿಂದ ಆ ಹೆಸರು. ವಾರದ ಆರು ದಿನ ಕಂಡಕಂಡವರ ಸೊಂಟ ಅಳೆದು, "ನೀವೇನೂ ದಪ್ಪ ಆಗಿಲ್ಲ ಬಿಡಿ" ಎಂದು ಮುಖ ನೋಡದೆ ಹೇಳಿ ಬದುಕುತ್ತಿದ್ದಳು. ಬುಧವಾರ ಅಂಗಡಿಗೆ ರಜೆ. ಅವತ್ತು ನಾಲ್ಕು ಜನ ಮೇಜಿನ ಸುತ್ತ ಕೂತು ಪಾತ್ರದಾಟ ಆಡುತ್ತಿದ್ದರು. ಒಬ್ಬರು ಕತೆ ನಡೆಸುವುದು, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುವುದು, ಗೆದ್ದರೋ ಬಿದ್ದರೋ ಎಂದು ಇಪ್ಪತ್ತು ಮುಖದ ದಾಳ ತೀರ್ಮಾನಿಸುವುದು, ಇಷ್ಟೇ ಆಟ. ತಿಂಗಳುಗಟ್ಟಲೆ ನಡೆಯುವ ಒಂದು ದೊಡ್ಡ ಕತೆಗೆ ಅವರಲ್ಲಿ 'ಅಭಿಯಾನ' ಎನ್ನುವ ರೂಢಿ. ಕತೆ ನಡೆಸುವವಳು ಟೇಪಕ್ಕ. ಆ ಮೂರು ಗಂಟೆ ಜಗತ್ತು ಅವಳ ಅಳತೆಗೆ ತಕ್ಕಂತೆ ಇರುತ್ತಿತ್ತು. ಅದೂ ಇಲ್ಲವಾದರೆ ಮಿಕ್ಕ ಆರು ದಿನ ಯಾಕೆ ಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಇಷ್ಟು ವರ್ಷ ಆಟ ನಡೆದದ್ದು ಹಲ್ಲು ಡಾಕ್ಟ್ರ ದವಾಖಾನೆಯಲ್ಲಿ, ರೋಗಿಗಳು ಕೂರುವ ಕೋಣೆಯಲ್ಲಿ. ಈಗ ಅಲ್ಲಿಗೆ ಇನ್ನೊಂದು ಹಲ್ಲು ಕೀಳುವ ಕುರ್ಚಿ ಬರುವುದಿತ್ತು. ಕೊನೆಯ ಬುಧವಾರ ಹೊಸ ಅಭಿಯಾನಕ್ಕೆ ತಲೆ ಓಡಿಸಲು ಎಲ್ಲರೂ ಸೇರಿದರು. ಈ ಸಲ ಅತಿಮಾನುಷ ವೀರರ ಕತೆ ಎಂಬುದು ಮಾತ್ರ ತೀರ್ಮಾನವಾಗಿತ್ತು.

"ನನ್ನ ವೀರ ಎಷ್ಟು ಎತ್ತರಕ್ಕೆ ಬೇಕಾದ್ರೂ ಏರ್ತಾನೆ. ಇಳಿಯೋಕೆ ಬರಲ್ಲ," ಎಂದ ಲಿಫ್ಟಣ್ಣ. ಲಿಫ್ಟ್ ರಿಪೇರಿ ಅವನ ಕೆಲಸ.

"ಮತ್ತೆ ಹೇಗೆ ಇಳೀತಾನೆ?"

"ದೂರು ಕೊಡಬೇಕು. ಯಾರಾದ್ರೂ ಬರ್ತಾರೆ."

ಹಲ್ಲು ಡಾಕ್ಟ್ರ ವೀರ "ಆ ಮಾಡಿ" ಎಂದರೆ ಸಾಕು, ಎಂಥ ದುಷ್ಟನೂ ಬಾಯಿ ತೆರೆಯಲೇಬೇಕು. ಅವರು ಹೇಳುವವರೆಗೂ ಮುಚ್ಚುವಂತಿಲ್ಲ. "ಬಾಯಿ ತೆರೆದುಕೊಂಡು ಯಾರ ಕೈಲೂ ಬೆದರಿಕೆ ಹಾಕೋಕಾಗಲ್ಲಮ್ಮ. ಮೂವತ್ತು ವರ್ಷದಿಂದ ನೋಡ್ತಿದೀನಿ."

ಟೇಪಕ್ಕನ ಚಿಕ್ಕಮ್ಮ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ನನ್ನವಳು ಯಾರನ್ನ ನೋಡಿದ್ರೂ ಯಾರ ಮನೆಯವನು ಅಂತ ಹೇಳಿಬಿಡ್ತಾಳೆ. ಮುಖವಾಡ ಹಾಕಿದ್ರೂನೂ. 'ಏನೋ, ನೀನು ಗಡಿಯಾರದಂಗಡಿಯವನ ಎರಡನೇ ಮಗ ಅಲ್ವೇನೋ?' ಅಂತಾಳೆ. ಆಮೇಲೆ ಅವನು ಯಾವ ಮುಖ ಇಟ್ಕೊಂಡು ಪಟ್ಟಣ ಸುಡ್ತಾನೆ?"

ನಗು ಎಷ್ಟು ಏರಿತೆಂದರೆ ಒಳಗೆ ದವಡೆ ಹಿಡಿದುಕೊಂಡಿದ್ದ ರೋಗಿ ಹೊರಬಂದು ನೋಡಿ, ನೋವು ಮರೆತು ಮನೆಗೆ ಹೋದ.

ಖಳನಾಯಕನನ್ನು ಕಟ್ಟಿದ್ದು ಟೇಪಕ್ಕ. ಅವನು ಮಧ್ಯಾಹ್ನಗಳನ್ನು ಕದಿಯುತ್ತಾನೆ. ಬೆಳಿಗ್ಗೆ ಮುಗಿಯುತ್ತಿದ್ದಂತೆ ಸಂಜೆಯಾಗುತ್ತದೆ. ನಡುವೆ ಏನು ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಅಭಿಯಾನದ ಹೆಸರು: ಊರು ಕಾಯುವ ವೀರರು.

ಮರುದಿನ ಟೇಪಕ್ಕ ಕೊಠಡಿಗಾಗಿ ಅರ್ಜಿ ತುಂಬಿದಳು. ಉದ್ದೇಶದ ಅಂಕಣದಲ್ಲಿ ನಾಲ್ಕೇ ಆಯ್ಕೆ: ಸಭೆ, ತರಬೇತಿ, ಶ್ರದ್ಧಾಂಜಲಿ, ಅಭಿಯಾನ. ಅವಳಿಗೆ ಸಂತೋಷವೇ ಆಯಿತು. ಇವರಿಗೂ ನಮ್ಮ ಆಟ ಗೊತ್ತಿದೆ ಎಂದುಕೊಂಡು ನಾಲ್ಕನೆಯದಕ್ಕೆ ಗುರುತು ಹಾಕಿದಳು.

ಕಿಟಕಿಯ ಗುಮಾಸ್ತ ಹೆಸರಿನ ಅಂಕಣ ನೋಡಿ, "ಇಲ್ಲಿ ಎರಡೇ ಪದ ಹಿಡಿಸೋದು," ಎಂದು 'ಊರು' ಹೊಡೆದುಹಾಕಿದ.

"ಅಯ್ಯೋ, ಅದು ಮುಖ್ಯ ಸಾರ್."

"ಯಾವೂರು ಅಂತ ಎಲ್ಲರಿಗೂ ಗೊತ್ತಿದೆಯಲ್ಲಮ್ಮ."

ಹೀಗೆ ಕಡತ ಅಧೀಕ್ಷಕರ ಮೇಜಿಗೆ ಹೋಗುವಾಗ ಅದರ ಮೇಲೆ ಉಳಿದಿದ್ದದ್ದು 'ಕಾಯುವ ವೀರರು' ಎಂಬ ಎರಡು ಪದ. ಅಧೀಕ್ಷಕರು ಒಮ್ಮೆ ಓದಿದರು. ಕಿಟಕಿಯಾಚೆಯ ಕಾರಿಡಾರಿನಲ್ಲಿ ಬೆಂಚು ಸಾಲದೆ ನೆಲದ ಮೇಲೂ ಕೂತು ಕಾಯುತ್ತಿದ್ದ ಜನರನ್ನು ನೋಡಿದರು. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಮೊದಲ ಬಾರಿಗೆ ಗುರಿ ಮುಟ್ಟಬಲ್ಲ ಅಭಿಯಾನವೊಂದು ಅವರ ಕೈಗೆ ಬಂದಿತ್ತು. ಅವರ ಕಣ್ಣು ತೇವವಾಯಿತೆಂದು ಗುಮಾಸ್ತ ಹೇಳುತ್ತಾನೆ.

ಸೋಮವಾರ ಪ್ರಕಟಣೆ ಹೊರಬಿತ್ತು.

"ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಕಚೇರಿಯಲ್ಲಿ ಸತತ ಮೂರು ಗಂಟೆ ಕಾದ ಪ್ರತಿಯೊಬ್ಬರನ್ನೂ ಅತಿಮಾನುಷ ವೀರರೆಂದು ಪರಿಗಣಿಸಲಾಗುವುದು. ವೀರರು ಕೇಪು (ಹೆಗಲಿನಿಂದ ಬೆನ್ನಿಗೆ ಇಳಿಬಿಡುವ ವಸ್ತ್ರ) ಧರಿಸತಕ್ಕದ್ದು. ವೀರರು ಹಾರತಕ್ಕದ್ದಲ್ಲ, ಹಾರಿದಲ್ಲಿ ಸರತಿ ತಪ್ಪುವುದು. ಅದೃಶ್ಯರಾಗಬಯಸುವವರು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಅದೃಶ್ಯರಾಗತಕ್ಕದ್ದು. ತಿಂಗಳ ಗುರಿ ಐನೂರು."

ಗುರಿ ಸಾಧನೆಗಾಗಿ ಮೂರು ಕಿಟಕಿಗಳಲ್ಲಿ ಎರಡನ್ನು ಮುಚ್ಚಲಾಯಿತು. ನಾಲ್ಕನೇ ಕೊಠಡಿಯ ಪರದೆಗಳನ್ನು ಇಳಿಸಿ ಕೇಪು ಹೊಲಿಯಲು ಟೇಪಕ್ಕನಿಗೇ ಕಳಿಸಿದರು. ನೂರಾರು ಕೇಪಿಗೆ ಬಟ್ಟೆ ಸಾಲದೆ ಅವಳು ಅವುಗಳನ್ನು ಬರಬರುತ್ತಾ ಗಿಡ್ಡ ಮಾಡಿದಳು. ಕೊನೆಯವರಿಗೆ ಬಂದದ್ದು ಕರವಸ್ತ್ರ. ಆದರೂ ಯಾರೂ ಬೇಡವೆನ್ನಲಿಲ್ಲ. ವಯಸ್ಸಾದವರೊಬ್ಬರು ಕರವಸ್ತ್ರವನ್ನೇ ಭುಜಕ್ಕೆ ಸಿಕ್ಕಿಸಿಕೊಂಡು ಎದೆಯುಬ್ಬಿಸಿ ಕೂತರು.

ಬುಧವಾರ ನಾಲ್ವರೂ ದಾಳ ಹಿಡಿದು ಬಂದರು.

"ಕೊಠಡಿ ಮಂಜೂರಾಗಿದೆ," ಎಂದರು ಅಧೀಕ್ಷಕರು.

ಟೇಪಕ್ಕನ ಮುಖ ಅರಳಿತು.

"ಅಭಿಯಾನಕ್ಕೆ ಮಂಜೂರಾಗಿದೆ. ಅಭಿಯಾನದ ಕಡತಗಳನ್ನ ಅಲ್ಲೇ ಇಟ್ಟಿದೀವಿ. ಖಾಲಿ ಆಗೋವರೆಗೂ ನೀವು ಕಾಯಬೇಕಾಗುತ್ತೆ. ತಗೊಳ್ಳಿ, ಟೋಕನ್ ನಾನೂರ ಹದಿನೇಳು."

ಕಾದರು. ಮೂರು ಗಂಟೆ ಹೊಡೆಯಿತು. ಲಿಫ್ಟಣ್ಣ ಆಕಳಿಸಿ, ಸಂಕೋಚದಿಂದ ಬಾಯಿಬಿಟ್ಟ. "ಅಕ್ಕ, ತಪ್ಪು ತಿಳ್ಕೋಬೇಡ. ನಮ್ಮ ಭಾವ ಕೇರಂ ಕ್ಲಬ್ಬಿಗೆ ಕರೀತಿದ್ದಾನೆ. ಅಲ್ಲಿ ಜಾಗ ಇದೆ." ಹಲ್ಲು ಡಾಕ್ಟ್ರು ಗಡಿಯಾರ ನೋಡಿಕೊಂಡರು. ಚಿಕ್ಕಮ್ಮ ಉಲ್ಲನ್ ಉಂಡೆಯನ್ನು ಚೀಲಕ್ಕೆ ತುರುಕುತ್ತಿದ್ದಳು.

ಇವರು ಇವತ್ತು ಎದ್ದುಹೋದರೆ ಮತ್ತೆ ಸೇರುವುದಿಲ್ಲ ಎಂಬುದು ಟೇಪಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಬೇಡಿಕೊಳ್ಳಲು ಬಾಯಿ ಬರಲಿಲ್ಲ. ಬಂದದ್ದು ಕತೆ.

"ಒಂದು ಉದ್ದದ ಕಾರಿಡಾರು," ಎಂದಳು. "ಗಡಿಯಾರ ಹನ್ನೆರಡು ಹೊಡೀತು. ಹನ್ನೆರಡನೇ ಏಟು ಮುಗಿಯೋದರೊಳಗೆ ಹೊರಗೆ ಸಂಜೆ ದೀಪ ಹತ್ತಿಕೊಂಡವು. ನೀವೇನು ಮಾಡ್ತೀರಿ?"

ಲಿಫ್ಟಣ್ಣ ಎದ್ದವನು ಹಾಗೇ ನಿಂತ. "ಎಷ್ಟನೇ ಮಹಡಿ?"

"ನೆಲಮಹಡಿ."

"ಹಾಗಾದ್ರೆ ನಾನು ಏರ್ತೀನಿ." ಕೂತು ದಾಳ ಎಸೆದ. ಹತ್ತೊಂಬತ್ತು. ಅದು ಉರುಳಿ ಪಕ್ಕದ ಕರವಸ್ತ್ರದ ಹಿರಿಯರ ಕಾಲ ಬಳಿ ನಿಂತಿತು.

"ಅಮ್ಮ," ಎಂದರು ಅವರು ದಾಳ ಎತ್ತಿಕೊಡುತ್ತಾ, "ನನ್ನ ಮಧ್ಯಾಹ್ನಾನೂ ಹೋಗಿದೆ. ಹೋದ ತಿಂಗಳಿಂದ ದಿನಾ ಹೋಗ್ತಿದೆ. ನಾನೂ ಹುಡುಕಬಹುದಾ?"

"ನಿಮ್ಮ ಶಕ್ತಿ ಏನು ಹೇಳಿ."

ಅವರು ಯೋಚಿಸಿದರು. "ನನಗೆ ಈ ಕಟ್ಟಡದ ಎಲ್ಲಾ ಬೆಂಚೂ ಗೊತ್ತು. ಯಾವುದು ಅಲ್ಲಾಡುತ್ತೆ, ಯಾವುದು ಅಲ್ಲಾಡಲ್ಲ, ಕಣ್ಣು ಮುಚ್ಚಿ ಹೇಳ್ತೀನಿ."

"ಭೇಷ್," ಎಂದಳು ಟೇಪಕ್ಕ. ಅಷ್ಟೇ ಸಾಕಾಯಿತು. ಎದುರು ಬೆಂಚಿನವಳು ಅರ್ಜಿ ವಾಸನೆ ನೋಡಿಯೇ ತಿರಸ್ಕಾರವಾಗುವುದನ್ನು ಹೇಳಬಲ್ಲವಳಾದಳು. ಒಬ್ಬ ಒಂಟಿಕಾಲಲ್ಲಿ ನಿದ್ದೆ ಮಾಡಬಲ್ಲವನಾದ. ನಲವತ್ತು ವೀರರು ಪರದೆ ಬಟ್ಟೆ ಹಾರಿಸಿಕೊಂಡು ಕೂಗಾಡತೊಡಗಿದ ಮೇಲೆ ಅಧೀಕ್ಷಕರು ನಿಯಮಾವಳಿ ಹಿಡಿದು ಹೊರಬಂದರು.

"ಏನಿದು?"

"ಅಭಿಯಾನ ಸಾರ್," ಎಂದರು ಎಲ್ಲರೂ.

ಅದನ್ನು ಅಲ್ಲಗಳೆಯುವಂತಿರಲಿಲ್ಲ. ಅವರು ಪುಟ ತಿರುವಿ, "ಖಳನಾಯಕ ಯಾರು?" ಎಂದು ಕೇಳಿದರು. ಸದ್ಯಕ್ಕೆ ಆ ಪಾತ್ರ ಆಡುವವರು ಯಾರೂ ಇಲ್ಲವೆಂದಾಗ ಗಂಭೀರರಾದರು. "ಹುದ್ದೆ ಖಾಲಿ ಬಿಡೋ ಹಾಗಿಲ್ಲ. ಹೆಚ್ಚುವರಿ ಪ್ರಭಾರದಲ್ಲಿ ನಾನೇ ವಹಿಸಿಕೊಳ್ತೀನಿ." ವಹಿಸಿಕೊಂಡ ಸಮಯವನ್ನು ಬರೆದು ಸಹಿ ಹಾಕಿ, ಬಳಿಕ ಅಬ್ಬರಿಸಿ ನಕ್ಕರು. ನಗು ಬಹಳ ಚೆನ್ನಾಗಿತ್ತು. ಇಪ್ಪತ್ತೆರಡು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದರೆಂದು ತೋರುತ್ತದೆ.

ಹಲ್ಲು ಡಾಕ್ಟ್ರು ತಕ್ಷಣ "ಆ ಮಾಡಿ" ಎಂದು ದಾಳ ಎಸೆದರು. ಅಧೀಕ್ಷಕರು ಬಾಯಿ ತೆರೆದರು. ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದಳು.

"ಏನಪ್ಪ, ನೀನು ಬೇಕರಿ ಯಜಮಾನ್ರ ಕೊನೇ ಅಳಿಯ ಅಲ್ವಾ?"

"ಆ," ಎಂದರು ಅಧೀಕ್ಷಕರು.

"ಅಷ್ಟು ಒಳ್ಳೆ ಮನೆಯವನು, ಜನರ ಮಧ್ಯಾಹ್ನ ಕದೀತೀಯಾ?"

ದಾಳ ಇಪ್ಪತ್ತು ತೋರಿಸಿತು. ಅಧೀಕ್ಷಕರು ನಿಯಮಕ್ಕೆ ತಲೆಬಾಗುವವರು. ಶರಣಾಗತಿಯನ್ನು ಎರಡು ಪ್ರತಿಗಳಲ್ಲಿ ಬರೆದುಕೊಟ್ಟು, ಮುಚ್ಚಿದ್ದ ಎರಡೂ ಕಿಟಕಿಗಳನ್ನು ತೆರೆಸಿದರು.

"ಮುನ್ನೂರ ಎಂಬತ್ತು!" ಎಂದು ಗುಮಾಸ್ತ ಕೂಗಿದ. ಯಾರೂ ಏಳಲಿಲ್ಲ. "ಮುನ್ನೂರ ಎಂಬತ್ತು ಯಾರ್ರೀ?"

"ಸ್ವಲ್ಪ ಇರಿ ಸಾರ್," ಎಂದರು ಕರವಸ್ತ್ರದ ಹಿರಿಯರು, "ಈಗ ನನ್ನ ಸರದಿ."

ಅಂದಿನಿಂದ ಮೂರು ಕಿಟಕಿಗಳ ಗುಮಾಸ್ತರೂ ಬುಧವಾರ ಮಧ್ಯಾಹ್ನ ಜನರಿಗಾಗಿ ಕಾಯುತ್ತಾರೆ. ಮೂರು ಗಂಟೆ ಪೂರೈಸಿದ್ದರಿಂದ ಅವರಿಗೂ ಕೇಪು ನೀಡಲಾಗಿದೆ. ಅರ್ಜಿಯೇ ಇಲ್ಲದವರೂ ಬಂದು ಟೋಕನ್ ಪಡೆಯುತ್ತಾರೆ. ಗುರಿ ಮೀರಿದ ಸಾಧನೆಗಾಗಿ ಕಚೇರಿಗೆ ಪ್ರಶಂಸಾಪತ್ರ ಬಂದಿದ್ದು, ಅದನ್ನು ಕಳಿಸಿದವರು ಆಟಕ್ಕೆ ಸೇರಬಹುದೇ ಎಂದು ಕೆಳಗೆ ಪೆನ್ಸಿಲಿನಲ್ಲಿ ಕೇಳಿದ್ದಾರೆ.

ತಿಂಗಳ ಕೊನೆಗೆ ಕಡತಗಳು ಖಾಲಿಯಾಗಿ, ಅಧೀಕ್ಷಕರು ನಾಲ್ಕನೇ ಕೊಠಡಿಯ ಬೀಗದ ಕೈ ತಂದು ಟೇಪಕ್ಕನ ಮುಂದೆ ಹಿಡಿದರು. "ನಿಮ್ಮ ಸರತಿ ಬಂತಮ್ಮ. ಮೇಜು ಇದೆ, ಆರು ಕುರ್ಚಿ ಇದೆ."

ಟೇಪಕ್ಕ ಬೀಗದ ಕೈ ನೋಡಿದಳು. ಕಾರಿಡಾರಿನ ಉದ್ದಕ್ಕೂ ಉಸಿರು ಬಿಗಿಹಿಡಿದು ತನ್ನ ಮುಂದಿನ ಮಾತಿಗಾಗಿ ಕೂತಿದ್ದ ಅರವತ್ತಮೂರು ವೀರರನ್ನು ನೋಡಿದಳು. ಇಷ್ಟು ದೊಡ್ಡ ಜಗತ್ತನ್ನು ಅವಳು ಯಾವತ್ತೂ ಹೊಲಿದಿರಲಿಲ್ಲ.

"ಬೇಡ ಸಾರ್," ಎಂದಳು. "ನಾವು ಇಲ್ಲೇ ಕಾಯ್ತೀವಿ."

ಯಾವ ಅರ್ಥದಲ್ಲಿ ಎಂದು ಅಧೀಕ್ಷಕರು ಕೇಳಲಿಲ್ಲ. ನಮೂನೆಯಲ್ಲಿ ಅದಕ್ಕೆ ಅಂಕಣವಿರಲಿಲ್ಲ. ಅವರು ಬೀಗದ ಕೈ ಜೇಬಿಗಿಳಿಸಿ, ಕೇಪು ಸರಿಪಡಿಸಿಕೊಂಡು, ನೆಲದ ಮೇಲೆ ತಮ್ಮ ಜಾಗದಲ್ಲಿ ಕೂತರು.