ಅತ್ತೆಯ ಊರಿನಲ್ಲಿ ನನ್ನ ಅನ್ವೇಷಣೆ

ಭೂಗೋಳ ಕಲಿಸುವವಳು ದಾರಿ ತಪ್ಪುವ ಪ್ರಶ್ನೆಯೇ ಇಲ್ಲ ಎಂದು ನಾನು ಬಲವಾಗಿ ನಂಬಿದ್ದ ಕಾಲವೊಂದಿತ್ತು.

ಆ ದಿನಗಳಲ್ಲೇ ಒಂದು ವಿಜ್ಞಾನ ಸಂಘ ಶಾಲೆಗಳಿಗೆ ಧನಸಹಾಯ ಕೊಡುತ್ತದೆಂದು ತಿಳಿಯಿತು. ಸಂಶೋಧನೆ, ಭೂಗೋಳ ಶಿಕ್ಷಣ, ಅನ್ವೇಷಣೆ, ಯಾವುದಕ್ಕಾದರೂ ಕೇಳಬಹುದು. ಸಂಶೋಧನೆಗೆ ಬೇಕಾದ ಪದವಿ ನನ್ನಲ್ಲಿರಲಿಲ್ಲ. ಶಿಕ್ಷಣಕ್ಕೆಂದು ಕೇಳಿದರೆ ಗ್ಲೋಬ್ ಕೊಡುತ್ತಾರಂತೆ. ಅದು ನಮ್ಮ ಶಾಲೆಯಲ್ಲಿ ಆಗಲೇ ಇದೆ, ತಿರುಗುವುದಿಲ್ಲ ಅಷ್ಟೆ. ಉಳಿದದ್ದು ಅನ್ವೇಷಣೆ! ಹಳ್ಳವೆಂದರೆ ನಕ್ಷೆಯ ನೀಲಿ ಗೆರೆ ಎಂದುಕೊಂಡಿದ್ದ ನನ್ನ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಹಳ್ಳ ಹುಟ್ಟುವ ಜಾಗವನ್ನೇ ತೋರಿಸುತ್ತೇನೆಂದು ಮಾತು ಕೊಟ್ಟುಬಿಟ್ಟೆ.

ಷರತ್ತು ಒಂದೇ. ಆ ಪ್ರದೇಶ ಅರ್ಜಿ ಹಾಕಿದವರಿಗೂ ಹೊಸದಾಗಿರಬೇಕು. ನಾನು ಕಮಲಾಪುರ ಎಂದು ಬರೆದೆ.

ಕಮಲಾಪುರ ನನ್ನ ಗಂಡನ ಊರು.

ಶಹಾಬಜಾರದ ನಮ್ಮ ಮನೆಯಲ್ಲಿ ಅಂದು ಚಹಾ ಆರಿಹೋಯಿತು. "ಅಲ್ಲ, ಇಷ್ಟು ವರ್ಷದ ಸೊಸಿಗೆ ಆ ಊರು ಹೊಸದೇನು?" ಎಂದರು ನಮ್ಮವರು.

"ಹಬ್ಬಕ್ಕ ಹೋಗ್ತೀನಿ, ಅಡಿಗಿಮನ್ಯಾಗ ಕೂಡ್ತೀನಿ, ಬರ್ತೀನಿ. ಹಳ್ಳ ಯಾವಾಗರ ನೋಡೀನೇನ್ರೀ? ಸಂಘದ ಸಾಹೇಬ್ರು ಜಾಗ ನೋಡಾಕ ಬರ್ತಾರ. ನಿಮ್ಮವ್ವಗ ಮಾತ್ರ ಹೇಳಬ್ಯಾಡ್ರಿ!"

"ನಾ ಯಾಕ ಹೇಳ್ಲಿ?" ಎಂದು ಅವರು ಫೋನ್ ಹಿಡಿದು ಹೊರಗೆ ಹೋದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಸಾಹೇಬರೊಂದಿಗೆ ಕಮಲಾಪುರದಲ್ಲಿ ಬಸ್ಸಿಳಿದೆ. ಸೆರಗು ಮುಖಕ್ಕೆ, ಅದರ ಮೇಲೆ ಕಪ್ಪು ಕನ್ನಡಕ. ಆದರೂ ಹೋಟೆಲಿನಿಂದ ಒಬ್ಬರು, "ವೈನಿ, ಯಾವಾಗ ಬಂದ್ರಿ?" ಎಂದು ಸ್ವಂತ ಅತ್ತಿಗೆಯನ್ನು ಕರೆಯುವಂತೆ ಕೂಗಿದರು.

"ನಿಮ್ಮನ್ನೇ ಕರೆದಂತಿದೆ," ಎಂದರು ಸಾಹೇಬರು.

"ಇಲ್ಲಿಯವರು ಎಲ್ಲರನ್ನೂ ಹಾಗೇ ಕರೀತಾರೆ ಸರ್!" ಎಂದು ಸಂಶೋಧಕಿಯ ಗಾಂಭೀರ್ಯದಿಂದ ಹೇಳಿ, ಊರನ್ನೇ ಬಳಸಿಕೊಂಡು ಹೋಗಲು ಬಾಳೆ ತೋಟಕ್ಕೆ ನುಗ್ಗಿದೆ.

ಕೆಂಪು ಬಾಳೆಯ ತೋಟ. ಎಡಕ್ಕೆ ಹೋದೆವು, ಬಾಳೆ. ಬಲಕ್ಕೆ ಹೋದೆವು, ಬಾಳೆ. ಮೊಬೈಲಿನಲ್ಲಿ ನಕ್ಷೆ ತೆರೆಯಲಿಲ್ಲ. ಸಾಹೇಬರ ಬೂಟು ಕೆಸರಿನಲ್ಲಿ ಉಳಿಯಿತು, ಸಾಹೇಬರು ಮಾತ್ರ ಮುಂದೆ ಬಂದರು! ಹುಡುಗಿಯರ ಮುಖಗಳು ಕಣ್ಣ ಮುಂದೆ ಬಂದು ನನಗೆ ಅಳುವೇ ಬಂತು. ಆದರೂ ಬಿಡದೆ, "ಸರ್, ಇಲ್ಲಿ ಮನುಷ್ಯರ ಸುಳಿವೇ ಇಲ್ಲ," ಎಂದು ಘೋಷಿಸಿದೆ.

ಬಾಳೆ ಎಲೆಗಳು ಸರಿದವು. ಮಜ್ಜಿಗೆಯ ತಂಬಿಗೆ ಹಿಡಿದು ನಮ್ಮ ಅತ್ತೆ ನಿಂತಿದ್ದರು.

"ಏನವಾ, ನಮ್ಮ ತೋಟದಾಗ ನಿಂತು ಏನ್ ಹುಡುಕಾಕತ್ತೀ? ಮುಂಜಾನಿಂದ ಹಾದಿ ಕಾಯಾಕತ್ತೀನಿ. ಸಾಹೇಬ್ರ, ಮಜ್ಜಿಗಿ ತಗೋರಿ. ಇಕಿ ನಮ್ಮ ಹಿರೀ ಸೊಸಿ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಡಲಿಲ್ಲ.

ಸಾಹೇಬರು ಮಜ್ಜಿಗೆ ಕುಡಿದರು. ತೋಟದ ಬೇಲಿಯಾಚೆ ಕಾಣುತ್ತಿದ್ದ ಅತ್ತೆಯ ಮನೆಯನ್ನು ನೋಡಿದರು. ನಂತರ ನನ್ನನ್ನು ನೋಡಿದರು. "ಮೇಡಂ, ಈ ಪ್ರದೇಶ ನಿಮಗೆ ಹೊಸದು ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿಲ್ಲ. ಶಿಫಾರಸು ಮಾಡ್ತೇನೆ."

ಹಣ ಮಂಜೂರಾಯಿತು! ಹುಡುಗಿಯರನ್ನು ಕರೆದುಕೊಂಡು ಹೋದ ದಿನ ಅತ್ತೆ ಬಸ್ಸಿನ ಬಾಗಿಲಲ್ಲೇ ಕಾದಿದ್ದರು. ಇಡೀ ತರಗತಿಯ ಎದುರಿಗೆ ನನ್ನ ಕೈ ಹಿಡಿದು ಹೇಳಿದರು:

"ಹುಡುಗ್ಯಾರು ಶಾಣ್ಯಾರಿದ್ದಾರ, ತಾವ ಬರ್ತಾರ. ನೀ ನನ್ನ ಸೆರಗ ಹಿಡ್ಕೊ."

ಹಿಡಿದುಕೊಂಡೆ.