ಮುನ್ನೂರರ ಹವಳ

ಇಷ್ಟಕ್ಕೆಲ್ಲ ಕಾರಣ "ಮುನ್ನೂರು" ಅನ್ನುವ ಒಂದೇ ಮಾತು.

ಮೂರು ವರ್ಷದ ಹಿಂದೆ ಅವನು ತೊಟ್ಟಿಯಲ್ಲಿ ಸಾಕುವ ಮೊದಲ ಜೀವಂತ ಹವಳವನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ತಂದಾಗ ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು. "ಎಷ್ಟಾಯ್ತು?" ಎಂದು ಕೇಳಿದಳು. ನಿಜವಾದ ಬೆಲೆ ಅವನ ಗಂಟಲವರೆಗೂ ಬಂದಿತ್ತು. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಚಾಕು ಕಣ್ಣಿಗೆ ಬಿತ್ತು. "ಮುನ್ನೂರು" ಅಂದುಬಿಟ್ಟ. ಅವತ್ತಿನಿಂದ ಆ ಮನೆಯ ಹೊಸಿಲು ದಾಟಿದ ಹವಳಗಳೆಲ್ಲ ಮುನ್ನೂರೇ. ಕೆಂಪಾದರೂ ಮುನ್ನೂರು, ನೀಲಿಯಾದರೂ ಮುನ್ನೂರು. "ಪಾಪ, ಆ ಅಂಗಡಿಯವನು ಬೆಲೆ ಏರಿಸೋದೇ ಇಲ್ಲ ನೋಡಿ, ಒಳ್ಳೆ ಮನುಷ್ಯ" ಎಂದು ಹೆಂಡತಿ ಮೆಚ್ಚಿಕೊಳ್ಳುವಳು.

ಆ ಒಳ್ಳೆ ಮನುಷ್ಯ ತಿಂಗಳಿಗೊಮ್ಮೆ ಬೆಲೆ ಏರಿಸುತ್ತಿದ್ದ. ನಡುಮನೆಯಲ್ಲಿದ್ದ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಮೀನುಗಳೆಂದರೆ ಎರಡೇ ಎರಡು. ಆದರೆ ಅವೆರಡರ ಸಂಸಾರ ಇವರಿಬ್ಬರ ಸಂಸಾರಕ್ಕಿಂತ ದುಬಾರಿ. ಸಮುದ್ರದ ನೀರು ತಯಾರಿಸಲು ಹಡಗಿನಲ್ಲಿ ಬರುವ ಉಪ್ಪಿನ ಡಬ್ಬ ಬೇಕು. ಪ್ರತಿ ಹೊಸ ಡಬ್ಬದ ಬೆಲೆ ಹಳೆಯದಕ್ಕಿಂತ ಒಂದು ಮೆಟ್ಟಿಲು ಮೇಲೆ. ಅಲೆ ಎಬ್ಬಿಸಲು ಪಂಪು, ಬಿಸಿಲು ತೋರಿಸಲು ನೀಲಿ ದೀಪ, ನೀರು ಪರೀಕ್ಷಿಸಲು ಹನಿಹನಿಯಾಗಿ ಬಿಡುವ ಔಷಧಿಯ ಶೀಶೆಗಳು. ತೊಟ್ಟಿಯ ನೀರು ಬಿಸಿಯಾಗಬಾರದೆಂದು ಅದಕ್ಕೊಂದು ತಂಪು ಮಾಡುವ ಯಂತ್ರವಿತ್ತು. ಗಂಡ ಹೆಂಡತಿಗೆ ಕಟಕಟ ಎನ್ನುವ ಹಳೇ ಫ್ಯಾನು. ಬೇಸಿಗೆಯಲ್ಲಿ ಅವನು ಎಷ್ಟೋ ಸಲ ಆ ಮೀನುಗಳನ್ನು ಹೊಟ್ಟೆಕಿಚ್ಚಿನಿಂದ ನೋಡಿದ್ದುಂಟು.

ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವುದು ಅವನ ಕೆಲಸ. ತೊಟ್ಟಿಯ ಸುದ್ದಿ ಗೊತ್ತಾದ ಮೇಲೆ ಕಚೇರಿಯವರು ಅವನಿಗೆ ಸಮುದ್ರರಾಜ ಎಂದು ಹೆಸರಿಟ್ಟಿದ್ದರು.

ಆ ದಿನ ಹನ್ನೊಂದು ಗಂಟೆಗೆ, ನಲ್ಲಿಯಲ್ಲಿ ಎರಡು ದಿನದಿಂದ ಬರೀ ಗಾಳಿ ಬರುತ್ತಿದೆ ಎಂದು ಕೂಗಾಡುತ್ತಿದ್ದವರೊಬ್ಬರ ದೂರನ್ನು ಸಮುದ್ರರಾಜ ಬರೆದುಕೊಳ್ಳುತ್ತಿದ್ದಾಗ ಹೆಂಡತಿಯ ಫೋನು ಬಂತು. ಅವಳ ದನಿಯಲ್ಲಿ ಹಬ್ಬದ ಸಡಗರ.

"ರೀ, ವ್ಯಾಪಾರ ಮಾಡ್ದೆ! ಮೇಲ್ಮನೆ ಹೆಡ್ ಮೇಡಂ ಬಂದಿದ್ರು. ತೊಟ್ಟೀಲಿ ಕಲ್ಲಿನ ಮೇಲೆ ಬೆರಳು ಬೆರಳಾಗಿ ಅಲ್ಲಾಡ್ತಿತ್ತಲ್ಲ, ಅದನ್ನ ನೋಡಿ ತುಂಬ ಚೆನ್ನಾಗಿದೆ ಅಂದ್ರು. ಕೊಟ್ಬಿಟ್ಟೆ."

"ಕೊ... ಕೊಟ್ಟೆ ಅಂದ್ರೆ?"

"ಪುಕ್ಕಟೆ ಅಲ್ಲ ಕಣ್ರೀ, ನನಗೇನು ಬುದ್ಧಿ ಇಲ್ವಾ? ಮುನ್ನೂರರದ್ದು, ಮುನ್ನೂರೈವತ್ತಕ್ಕೆ ಕೊಟ್ಟೆ. ಐವತ್ತು ಲಾಭ!"

ಸಮುದ್ರರಾಜ ದೂರಿನ ಪುಸ್ತಕ ಮುಚ್ಚಿದ. ಕಲ್ಲಿನ ಮೇಲೆ ಬೆರಳು ಬೆರಳಾಗಿ ಅಲ್ಲಾಡುತ್ತಿದ್ದುದು ಅವನ ಪಂಜಿನ ಹವಳ: ಹಸಿರು ಬೆರಳುಗಳು, ಪ್ರತಿ ಬೆರಳ ತುದಿಯಲ್ಲಿ ಒಂದು ಬಂಗಾರದ ಹನಿ. ಇಡೀ ತೊಟ್ಟಿಯಲ್ಲಿ ಅದರಷ್ಟು ಬೆಲೆಯದು ಇನ್ನೊಂದಿಲ್ಲ. ಮೂವತ್ತೆಂಟು ಸಾವಿರ. ಈಗ ಕೊಳ್ಳಹೋದರೆ ಇನ್ನೂ ಜಾಸ್ತಿ.

"ಯಾಕ್ರೀ, ಮಾತಾಡ್ತಿಲ್ಲ? ಕಡಿಮೆ ಆಯ್ತಾ?"

"ಇಲ್ಲ ಇಲ್ಲ... ಒಳ್ಳೆ ವ್ಯಾಪಾರ" ಅಂದ. ಬೇರೆ ಏನನ್ನು ಹೇಳುವುದಕ್ಕೂ ಮೂರು ವರ್ಷದ ಸುಳ್ಳು ಅಡ್ಡ ಬಂತು.

ಎದ್ದವನೇ ಸಾಹೇಬರ ಕೋಣೆಗೆ ಹೋದ. "ಸಾರ್, ಅರ್ಧ ದಿನ ರಜೆ ಬೇಕು. ಮನೇಲಿ... ಒಂದು ಜೀವ ಅಪಾಯದಲ್ಲಿದೆ." ಮಾತು ನಿಜವೇ ಆಗಿದ್ದರಿಂದ ಕಣ್ಣಲ್ಲಿ ನೀರೂ ಬಂತು. ಸಾಹೇಬರು ತಕ್ಷಣ ಸಹಿ ಹಾಕಿದರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬಾಗಿಲಲ್ಲಿ ಆಪದ್ಬಾಂಧವ ನಿಂತಿದ್ದ. ಪಕ್ಕದ ಮೇಜಿನ ಗುಮಾಸ್ತ ಅವನು. ಯಾರಿಗೆ ಕಷ್ಟ ಬಂದರೂ ಕರೆಯದೆ ಬಂದು ಅದನ್ನು ಎರಡು ಪಟ್ಟು ಮಾಡಿ ಹೋಗುವ ಗುಣದಿಂದ ಆ ಹೆಸರು ಬಂದಿತ್ತು.

"ಈ ಸ್ಥಿತೀಲಿ ಬಸ್ಸಲ್ಲಿ ಹೋಗ್ತೀಯಾ? ನಾನು ಸತ್ತಿದೀನಾ? ಬಾ ಗುರುವೇ, ಕಾರಲ್ಲಿ ಬಿಡ್ತೀನಿ."

"ಬೇಡ ಬೇಡ, ನಿನಗ್ಯಾಕೆ ತೊಂದರೆ..."

"ತೊಂದರೆ ಅಂತೆ!" ಎನ್ನುತ್ತ ಆಪದ್ಬಾಂಧವ ಅವನ ರಟ್ಟೆ ಹಿಡಿದು ಕಳ್ಳನನ್ನು ಎಳೆದೊಯ್ಯುವಂತೆ ಕಾರಿಗೆ ತುಂಬಿದ. ಹೊರಟ ಮೇಲೆ ಮೆಲ್ಲಗೆ ಕೇಳಿದ, "ವಯಸ್ಸೆಷ್ಟು?"

ಸಮುದ್ರರಾಜನ ತಲೆಯಲ್ಲಿ ಹವಳ ಬಿಟ್ಟು ಬೇರೇನೂ ಇರಲಿಲ್ಲ. "ಮೂರು ವರ್ಷ" ಅಂದ.

"ಅಯ್ಯೋ ದೇವರೇ, ಮಗು! ಏನಾಯ್ತು?"

"ನೀರು..."

"ನೀರಿಗೆ ಬಿತ್ತಾ?"

"ಇಲ್ಲ, ನೀರಿಂದ ತೆಗೆದಿದಾರೆ. ಅದೇ ಅಪಾಯ."

ಆಪದ್ಬಾಂಧವನಿಗೆ ಏನೂ ಅರ್ಥವಾಗಲಿಲ್ಲ. ದುಃಖದಲ್ಲಿ ಮನುಷ್ಯ ಹೀಗೆ ಏನೇನೋ ಬಡಬಡಿಸುತ್ತಾನೆ ಎಂದುಕೊಂಡು ಎರಡು ಕೆಂಪು ದೀಪಗಳನ್ನು ಲೆಕ್ಕಿಸದೆ ಕಾರು ಓಡಿಸಿದ.

ಸಮುದ್ರರಾಜನ ಮನೆ ಎರಡನೇ ಮಹಡಿ, ಹೆಡ್ ಮೇಡಮ್ಮಿನದು ಮೂರನೇದು. ಮೇಲೆ ಹೋಗಬೇಕಾದರೆ ತನ್ನ ಮನೆ ಬಾಗಿಲನ್ನು ದಾಟಲೇಬೇಕು. ಮುನ್ನೂರರ ವಸ್ತುವಿಗೆ ರಜೆ ಹಾಕಿ ಬಂದಿದ್ದೇಕೆ ಎಂದು ಹೆಂಡತಿ ಕೇಳಿದರೆ ಉತ್ತರವಿಲ್ಲ. ಆದ್ದರಿಂದ ಚಪ್ಪಲಿ ಕೈಯಲ್ಲಿ ಹಿಡಿದು, ಸ್ವಂತ ಮನೆಯ ಮುಂದೆ ಬಗ್ಗಿಕೊಂಡು, ಬೆಕ್ಕಿನಂತೆ ಹೆಜ್ಜೆ ಹಾಕಿದ. ಆಪದ್ಬಾಂಧವನೂ ಕಾರಣ ಕೇಳದೆ ಬೂಟು ಬಿಚ್ಚಿ ಹಿಂಬಾಲಿಸಿದ.

ಹೆಡ್ ಮೇಡಂ ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಬಾಗಿಲು ತೆಗೆಯುವ ರೀತಿಯಲ್ಲಿ ಇನ್ನೂ ಶಾಲೆಯಿತ್ತು.

"ಚಪ್ಪಲಿ ಕೈಯಲ್ಲಿ ಯಾಕೆ? ನೆಟ್ಟಗೆ ನಿಂತ್ಕೊಂಡು ಮಾತಾಡಿ."

ಸಮುದ್ರರಾಜ ನೆಟ್ಟಗೆ ನಿಂತ. "ಮೇಡಂ, ಬೆಳಿಗ್ಗೆ ನನ್ನ ಹೆಂಡ್ತಿ ನಿಮಗೆ ಕೊಟ್ಟಳಲ್ಲ, ಅದನ್ನ ವಾಪಸ್ ಕೊಡ್ತೀರಾ? ಐನೂರು ಕೊಡ್ತೀನಿ."

"ನಿಮ್ಮ ಹೆಂಡ್ತಿ ಕೊಟ್ಟಿದ್ದು, ನಾನು ತಗೊಂಡಿದ್ದು. ಮಧ್ಯದಲ್ಲಿ ನೀವ್ಯಾರು?"

"ಸಾವಿರ, ಮೇಡಂ."

"ಲಂಚನಾ?" ಮೇಡಂ ಕನ್ನಡಕ ಕೆಳಗಿಳಿಸಿ ನೋಡಿದರು. "ಆಗಲೇ ಉಡುಗೊರೆ ಕೊಟ್ಟಾಯ್ತು. ಬೀದಿ ಕೊನೇಲಿ ಹಲ್ಲಿನ ಡಾಕ್ಟರು ಇದಾರಲ್ಲ, ಅವರ ಹತ್ರಾನೂ ಇಂಥದೇ ತೊಟ್ಟಿ ಇದೆ. ನನ್ನ ಹಲ್ಲಿನ ಸೆಟ್ಟು ನಾಲ್ಕು ಸಲ ಸರಿ ಮಾಡಿಕೊಟ್ರು, ಪಾಪ. ಹತ್ತು ಗಂಟೆಗೆ ಹೋಗಿ ಕೊಟ್ಟು ಬಂದೆ. ಜಾಮ್ ಬಾಟ್ಲೀಲಿ ಹಾಕ್ಕೊಂಡು ಹೋದೆ, ಏನೂ ಆಗಿಲ್ಲ."

ಜಾಮ್ ಬಾಟ್ಲಿ ಎಂದದ್ದು ಕೇಳಿದ್ದೇ ಸಮುದ್ರರಾಜ ಮೆಟ್ಟಿಲ ಕಡೆ ತಿರುಗಿದ. ಮತ್ತೆ ಬಗ್ಗಿಕೊಂಡು ಕೆಳಗಿಳಿದ. ಹಿಂದಿನಿಂದ ಮೇಡಂ ಕೂಗಿದರು, "ಬೆನ್ನು ನೆಟ್ಟಗೆ!"

ದಂತವೈದ್ಯರ ಕ್ಲಿನಿಕ್ಕಿನಲ್ಲಿ ಏಳೆಂಟು ಜನ ಕೆನ್ನೆ ಹಿಡಿದು ಕೂತಿದ್ದರು. ಅವರ ಬೆನ್ನ ಹಿಂದೆ, ಗೋಡೆಯುದ್ದಕ್ಕೂ, ಸಮುದ್ರರಾಜನದಕ್ಕಿಂತ ಎರಡು ಪಟ್ಟು ದೊಡ್ಡ ತೊಟ್ಟಿ. ಅದರ ನಟ್ಟನಡುವೆ, ನೀಲಿ ಬೆಳಕಿನಲ್ಲಿ, ಬಂಗಾರದ ತುದಿಯ ಹಸಿರು ಬೆರಳುಗಳು ಅವನನ್ನೇ ಕರೆಯುವಂತೆ ತೂಗುತ್ತಿದ್ದವು. ಬದುಕಿದೆ! ಅವನು ಗಾಜಿಗೆ ಹಣೆ ಹಚ್ಚಿ ನಿಂತುಬಿಟ್ಟ.

"ಡಾಕ್ಟರನ್ನ ಕಾಣ್ಬೇಕು" ಎಂದ, ಮೇಜಿನ ಹಿಂದಿದ್ದ ಹುಡುಗಿಗೆ.

"ನಂಬರ್ ಬರೋದು ಸಾಯಂಕಾಲ ಆರಕ್ಕೆ."

ಆಪದ್ಬಾಂಧವನಿಗೆ ಈಗ ಎಲ್ಲ ಹೊಳೆಯಿತು. ಮಗುವೂ ಇಲ್ಲ, ಏನೂ ಇಲ್ಲ. ಸ್ನೇಹಿತನಿಗೆ ಹಲ್ಲುನೋವು, ನಾಚಿಕೆಯಿಂದ ಹೇಳಿಕೊಂಡಿಲ್ಲ, ನೋವು ನೆತ್ತಿಗೇರಿ ತಲೆ ಕೆಟ್ಟಿದೆ. "ತಂಗೀ" ಎಂದು ಇಡೀ ಕ್ಲಿನಿಕ್ಕಿಗೆ ಕೇಳಿಸುವಂತೆ ಕೂಗಿದ, "ಇವನನ್ನ ನೋಡಮ್ಮ! ಗಾಜಿಗೆ ತಲೆ ಚಚ್ಚಿಕೊಳ್ತಿದಾನೆ! ಬೆಳಿಗ್ಗೆಯಿಂದ ಬಾಯಿಗೆ ಬಂದಿದ್ದೆಲ್ಲ ಮಾತಾಡ್ತಿದಾನೆ! ಇಂಥವನು ಆರು ಗಂಟೆವರೆಗೆ ಬದುಕ್ತಾನಾ?"

ಕೂತಿದ್ದವರೆಲ್ಲ ಕರುಣೆಯಿಂದ ದಾರಿ ಬಿಟ್ಟರು. "ನನಗೆ ಹಲ್ಲು ನೋವಿಲ್ಲ" ಎಂದು ಸಮುದ್ರರಾಜ ಹೇಳುತ್ತಿದ್ದಂತೆಯೇ ನಾಲ್ಕು ಕೈಗಳು ಅವನನ್ನು ಕುರ್ಚಿಯಲ್ಲಿ ಮಲಗಿಸಿದವು. ಹೇಗೂ ಡಾಕ್ಟರನ್ನು ಕಾಣಲು ಇದೊಂದೇ ದಾರಿ ಎಂದು ಅವನೂ ಸುಮ್ಮನಾಗಿ ಬಾಯಿ ತೆರೆದ.

ಡಾಕ್ಟರು ಕನ್ನಡಿಕಡ್ಡಿ ಆಡಿಸಿ "ಅಬ್ಬಾ!" ಅಂದರು. "ಈ ದವಡೆ ಹಲ್ಲು ಇಟ್ಕೊಂಡು ಇಷ್ಟು ದಿನ ಹೇಗ್ರೀ ಬದುಕಿದ್ರಿ?" ಅವನು ಉತ್ತರಿಸುವ ಮೊದಲೇ ಸೂಜಿ ಚುಚ್ಚಿತು. ಕೆನ್ನೆ ದಪ್ಪನೆಯ ದಿಂಬಾಯಿತು, ನಾಲಿಗೆ ಒದ್ದೆ ಬಟ್ಟೆಯಾಯಿತು.

ಮರಗಟ್ಟಲಿ ಎಂದು ಕಾಯುವಾಗ ಸಮುದ್ರರಾಜ ಹೊರಗಿನ ತೊಟ್ಟಿಯತ್ತ ಕೈ ತೋರಿಸಿದ. ಡಾಕ್ಟರ ಮುಖ ಅರಳಿತು.

"ಓ, ನಿಮಗೂ ಈ ಹುಚ್ಚಿದೆಯಾ? ಯಾವುದು, ಆ ಪಂಜಿನ ಹವಳನಾ?"

"ಅಊ... ನನ್ನತು. ಮೇಯಂ ಕೊತ್ತಿತು." ಅದು ನನ್ನದು, ಮೇಡಂ ಕೊಟ್ಟಿದ್ದು ಎಂಬುದು ಅವನ ಮಾತಾಗಿತ್ತು.

"ಮೇ ತಿಂಗಳಲ್ಲಿ ಕೊಡ್ತೀರಾ? ಅಲ್ಲೀತನಕ ನಾನು ಕಾಯಲ್ಲ. ಕೊಳ್ಳೋದಾದ್ರೆ ಈಗಲೇ. ಅದೂ ನಲವತ್ತಕ್ಕೆ ಕಡಿಮೆ ಇಲ್ಲ."

ಮುನ್ನೂರೈವತ್ತರ ಉಡುಗೊರೆಯನ್ನು ನಲವತ್ತು ಸಾವಿರಕ್ಕೆ ಮಾರುವ ಈ ಮನುಷ್ಯನ ಧೈರ್ಯ ಕಂಡು ಸಮುದ್ರರಾಜನ ರಕ್ತ ಕುದಿಯಿತು. "ಮೋಹ! ಮೋಹ!" ಎಂದು ಕೂಗಿದ. ಮೋಸ ಎಂದು ಅವನ ಅರ್ಥ.

"ಮೋಹ ನನಗೂ ಇದೆ ಸ್ವಾಮಿ. ಅದಕ್ಕೇ ನಲವತ್ತೈದು" ಎಂದರು ಡಾಕ್ಟರು, ಹಲ್ಲು ಕೊರೆಯುವ ಯಂತ್ರ ಎತ್ತಿಕೊಳ್ಳುತ್ತ. ಯಂತ್ರ ಗುಂಯ್ ಎಂದಿತು. ಇನ್ನೊಂದು ಮಾತಾಡಿದರೆ ಐವತ್ತಾಗುತ್ತದೆ ಎಂದು ಹೆದರಿ ಸಮುದ್ರರಾಜ ತಲೆ ಆಡಿಸಿಬಿಟ್ಟ. ಬೋನಸ್ಸು ಬಂದದ್ದನ್ನು ಅವನು ಹೆಂಡತಿಗೆ ಇನ್ನೂ ಹೇಳಿರಲಿಲ್ಲ. ಇನ್ನು ಹೇಳುವ ಅಗತ್ಯವೂ ಉಳಿಯಲಿಲ್ಲ. ಹಲ್ಲು ತುಂಬಿದ ಫೀಜು ಬೇರೆ.

ಒಂದು ಗಂಟೆಯ ಮೇಲೆ ಅವನು ಒಂದು ಕೈಯಲ್ಲಿ ಕೆನ್ನೆ, ಇನ್ನೊಂದು ಕೈಯಲ್ಲಿ ನೀರು ತುಂಬಿದ ಚೀಲ ಹಿಡಿದು ಹೊರಬಂದ. ಆಪದ್ಬಾಂಧವ ಚೀಲ ಕಿತ್ತುಕೊಂಡು ಬೆಳಕಿಗೆ ಹಿಡಿದ. "ಆಹಾ! ಹಲ್ಲು ತೋರಿಸಿಕೊಂಡೋರಿಗೆ ಹೂವು ಕೊಟ್ಟು ಕಳಿಸ್ತಾರಲ್ಲ, ಎಂಥ ಡಾಕ್ಟರು! ನೀನು ಆರಾಮಾಗಿ ಬಾ, ನಾನು ಹಿಡ್ಕೊಳ್ತೀನಿ."

ಮನೆ ಬಾಗಿಲು ತೆಗೆದ ಹೆಂಡತಿ ಗಂಡನ ಊದಿದ ಮುಖ ನೋಡಿ ಗಾಬರಿಯಾದಳು.

"ಏನೂ ಇಲ್ಲ ಅತ್ತಿಗೆ, ಹಲ್ಲುನೋವು" ಎಂದು ಆಪದ್ಬಾಂಧವನೇ ಉತ್ತರಿಸಿದ. "ನಾನಿದ್ದೆ, ಎಲ್ಲ ಮಾಡಿಸಿಕೊಂಡು ಬಂದೆ. ನೋಡಿ, ಡಾಕ್ಟರು ಇದನ್ನ ಪುಕ್ಕಟೆ ಕೊಟ್ರು."

"ಅಯ್ಯೋ, ನೀವಿಲ್ಲದಿದ್ರೆ ಏನು ಗತಿಯಾಗ್ತಿತ್ತೋ!" ಎಂದ ಹೆಂಡತಿ ಚೀಲದೊಳಗೆ ಇಣುಕಿ ನಕ್ಕಳು. "ಇದೇ ತರದ್ದು ನಮ್ಮಲ್ಲಿ ಒಂದಿದೆಯಲ್ಲ."

ಸಮುದ್ರರಾಜನ ಕುತ್ತಿಗೆ ನಿಧಾನವಾಗಿ ತೊಟ್ಟಿಯತ್ತ ತಿರುಗಿತು. ಅಲ್ಲಿ, ಮೂರು ವರ್ಷದಿಂದ ಇದ್ದ ಅದೇ ಕಲ್ಲಿನ ಮೇಲೆ, ಅವನ ಪಂಜಿನ ಹವಳ ಬಂಗಾರದ ತುದಿಗಳನ್ನು ಹಾಯಾಗಿ ತೂಗುತ್ತಿತ್ತು.

"ಹಂಗಾಗೆ ನೀನು... ಕೊತ್ತಿತು?" ಹಾಗಾದರೆ ನೀನು ಕೊಟ್ಟಿದ್ದು ಯಾವುದು ಎಂದು ಕೇಳಲು ಅವನು ಕೈಯನ್ನೂ ಬಳಸಬೇಕಾಯಿತು.

"ಮೂಲೇಲಿ ಕಂದು ಬಣ್ಣದ ಬೆರಳು ಬೆರಳಾಗಿ ಬೆಳ್ಕೊಂಡಿತ್ತಲ್ಲ, ಕಳೆ ಕಳೆ ಅಂತ ಭಾನುವಾರ ಭಾನುವಾರ ಸಿರಿಂಜು ಹಿಡ್ಕೊಂಡು ಕೊಲ್ಲೋಕೆ ಹೋಗ್ತಿದ್ರಿ, ಆ ಮುನ್ನೂರರ ಕಲ್ಲು ಕಣ್ರೀ. ನಿಮ್ಮ ಕೆಲಸ ಉಳೀತು ಅಂತ ಕೊಟ್ಟೆ" ಎಂದಳು. ಆಮೇಲೆ ಆಪದ್ಬಾಂಧವನ ಕಡೆ ತಿರುಗಿ, "ನಮಗ್ಯಾಕೆ ಒಂದೇ ತರದ್ದು ಎರಡು? ಇಷ್ಟು ಓಡಾಡಿದೀರ, ಇದನ್ನ ನೀವೇ ಮನೆಗೆ ತಗೊಂಡು ಹೋಗಿ."

"ಛೇ ಛೇ, ಯಾಕೆ ಅತ್ತಿಗೆ..." ಎನ್ನುತ್ತಲೇ ಆಪದ್ಬಾಂಧವ ಚೀಲವನ್ನು ಎದೆಗವಚಿಕೊಂಡ. "ನಮ್ಮನೇಲಿ ಒಂದು ಗಾಜಿನ ಬೋಗುಣಿ ಖಾಲಿ ಇದೆ. ನಲ್ಲಿ ನೀರು ಸಾಕಾ?"

"ಸಾಕು ಬಿಡಿ. ದಿನಾ ಒಂದು ಬಿಸ್ಕತ್ತು ಪುಡಿ ಮಾಡಿ ಉದುರಿಸಿ."

ಸಮುದ್ರರಾಜ ಎರಡು ಹೆಜ್ಜೆ ಮುಂದೆ ನುಗ್ಗಿದ. ಆ ಚೀಲ ಕಿತ್ತುಕೊಳ್ಳಬಹುದಿತ್ತು. ಆದರೆ ಕಿತ್ತುಕೊಂಡ ಮೇಲೆ ಯಾಕೆ ಎಂದು ಹೇಳಬೇಕು. ಹೇಳಿದರೆ ಎಷ್ಟು ಎಂದು ಹೇಳಬೇಕು. ಎಷ್ಟು ಎಂದು ಹೇಳಿದರೆ ತೊಟ್ಟಿಯಲ್ಲಿದ್ದ ಉಳಿದ ಹನ್ನೊಂದರ ಬೆಲೆಯನ್ನೂ ಒಂದೊಂದಾಗಿ ಹೇಳಬೇಕು. ಅವನು ಅಲ್ಲೇ ನಿಂತ. ನಲವತ್ತೈದು ಸಾವಿರ ಮೆಟ್ಟಿಲಿಳಿದು, ಬೀದಿಗೆ ಬಂದು, ಕಾರಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

"ಅಯ್ಯೋ, ಕಣ್ಣಲ್ಲಿ ನೀರು ಬರ್ತಿದೆಯಲ್ರೀ! ಅಷ್ಟೊಂದು ನೋವಾ? ಎಲ್ಲಿ, ತೋರಿಸಿ."

ಸಮುದ್ರರಾಜನ ಬೆರಳು ಬೀದಿಯ ಕಡೆ ಎದ್ದಿತು. ಅರ್ಧದಲ್ಲೇ ಎಚ್ಚೆತ್ತು ಅದನ್ನು ತಿರುಗಿಸಿ ಕೆನ್ನೆಗೆ ಮುಟ್ಟಿಸಿಕೊಂಡ.